‘ಆಮಿನಸ್’ ಎಂಬ ಮಾತು



ಇಂಗ್ಲಿಷ್ ಭಾಷೆಯಲ್ಲಿ ‘ಆಮಿನಸ್’ ಎಂದೊಂದು ಶಬ್ದವುಂಟು. ವೃತ್ತಪತ್ರಿಕೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ಇದು ಹೊಸದಲ್ಲ. ಎರಡು ರಾಷ್ಟ್ರಗಳ ನಡುವಣ ಸಂಧಾನವು ನಿಂತುಹೋಯಿತೆಂದರೆ ಅಲ್ಲಿ ‘ಆಮಿನಸ್ ಸೈಲೆನ್ಸ್’ ಕಾಣಿಸಿಕೊಳ್ಳುತ್ತದೆ. ಕಾದಂಬರಿಯ ನಾಯಕನು ದೂರದ ಪ್ರಯಾಣಕ್ಕೆ ಹೊರಟನೆಂದರೆ ಆಕಾಶದಲ್ಲಿ ‘ಆಮಿನಸ್ ಕ್ಲೌಡ್ಸ್’ ಕವಿದುಕೊಳ್ಳುತ್ತವೆ. ನಿಘಂಟನ್ನು ತೆರೆದು ನೋಡಿದರೆ ‘ಅಪಶಕುನದ’, ‘ಅಶುಭಸೂಚಕವಾದ’ ಎಂದು ಅರ್ಥ ಬರೆದಿರುತ್ತದೆ. ಈ ಅರ್ಥ ತಪ್ಪೆಂದು ಹೇಳಲಾಗದು. ಆದರೆ ಇದರಿಂದ ಕೆಲಸ ಪೂರೈಸುವುದಿಲ್ಲ. ಮೌನವನ್ನು ‘ಅಪಶಕುನದ ಮೌನ’ ಎಂದು ಕನ್ನಡಿಸಿದರೆ ಓದುವವನಿಗೆ ಬೆಕ್ಕು ಅಡ್ಡ ಬಂದ ನೆನಪಾಗುವುದೇ ಹೊರತು, ಸಂಧಾನ ಮುರಿದುಬಿದ್ದ ಭೀತಿ ಉಂಟಾಗುವುದಿಲ್ಲ. ಏಕೆ ಹೀಗೆ ಎಂಬುದನ್ನು ವಿಚಾರಿಸುವುದು ಇಂದಿನ ನನ್ನ ಉದ್ದೇಶ.

ಮೊದಲು ಪ್ರಯೋಗದ ವಿಷಯ. ಈ ಶಬ್ದವು ಯಾವಾಗಲೂ ಮುಂದಕ್ಕೆ ಮುಖಮಾಡಿಕೊಂಡಿರುತ್ತದೆ. ನಡೆದುಹೋದ ಅನಾಹುತಕ್ಕೆ ಇದು ಸಲ್ಲದು. ರೈಲು ಹಳಿ ತಪ್ಪಿ ಜನ ಸತ್ತ ಮೇಲೆ ಅದನ್ನು ‘ಆಮಿನಸ್ ಆಕ್ಸಿಡೆಂಟ್’ ಎಂದು ಬರೆದವರನ್ನು ನಾನು ಕಂಡಿದ್ದೇನೆ. ಅದು ಘೋರ, ಅದು ದಾರುಣ, ಆದರೆ ಆಮಿನಸ್ ಅಲ್ಲ. ಹಿಂದಿನ ದಿನ ಹಳಿಯಲ್ಲಿ ಕೇಳಿಬಂದ ಸದ್ದು ಆಮಿನಸ್ ಆಗಿದ್ದಿರಬಹುದು. ಹಾಗೆಯೇ ‘ಇಮಿನೆಂಟ್’ ಎಂಬುದರೊಡನೆ ಇದನ್ನು ಬೆರಸಬಾರದು. ಅದು ಕಾಲವನ್ನು ಹೇಳುತ್ತದೆ: ಕೇಡು ಬಾಗಿಲಿಗೆ ಬಂದಿದೆ ಎಂದು. ಇದಾದರೋ ಕಾಲವನ್ನು ಹೇಳುವುದಿಲ್ಲ. ಕೇಡಿನ ಹೆಸರನ್ನೂ ಹೇಳುವುದಿಲ್ಲ. ಮತ್ತೆ ‘ಥ್ರೆಟನಿಂಗ್’ ಎನ್ನುವಲ್ಲಿ ಬೆದರಿಸುವ ಭಾವವಿದೆ. ‘ಫೋರ್‌ಬೋಡಿಂಗ್’ ಎಂಬುದು ಸಾಮಾನ್ಯವಾಗಿ ಮನಸ್ಸಿನೊಳಗಿನ ತಳಮಳ, ಆಮಿನಸ್ ಎಂಬುದು ಹೊರಗಿನ ವಸ್ತುವಿನ ಗುಣ. ತಾಯಿಗೆ ಫೋರ್‌ಬೋಡಿಂಗ್ ಆಗುತ್ತದೆ; ಮಗನಿಂದ ಕಾಗದ ಬಾರದೆ ಇರುವುದು ಆಮಿನಸ್ ಆಗುತ್ತದೆ. ಉಚ್ಚಾರದಲ್ಲಿಯೂ ಒಂದು ಎಚ್ಚರಿಕೆ ಬೇಕು. ಮೂಲದ ‘ಓಮೆನ್’ ಎಂಬಲ್ಲಿ ಓಕಾರ ದೀರ್ಘ. ಅದರಿಂದ ಹುಟ್ಟಿದ ಇಲ್ಲಿ ಆ ಸ್ವರವು ಹ್ರಸ್ವವಾಗಿ ಬೇರೆ ಬಣ್ಣ ತಾಳುತ್ತದೆ. ‘ಓಮಿನಸ್’ ಎಂದು ಎಳೆದು ಹೇಳುವುದು ನಮ್ಮಲ್ಲಿ ರೂಢಿಯಾಗಿದೆ.

ಇಷ್ಟು ವ್ಯಾಕರಣ ಸಾಕು. ಶಬ್ದದ ಹುಟ್ಟು ಇದಕ್ಕಿಂತ ಸ್ವಾರಸ್ಯವಾದದ್ದು.

ಇಂಗ್ಲಿಷಿಗೆ ಇದು ಬಂದುದು ಹದಿನಾರನೆಯ ಶತಮಾನದ ಕಡೆಯಲ್ಲಿ, ಲ್ಯಾಟಿನ್ ಭಾಷೆಯಿಂದ. ಲ್ಯಾಟಿನ್ನಿನ ‘ಓಮೆನ್’ ಎಂಬುದಕ್ಕೆ ಶಕುನವೆಂದು ಅರ್ಥ. ರೋಮಿನ ಪಂಡಿತನಾದ ವರ್ರೋ ಎಂಬವನು ಈ ಪದವು ಬಾಯಿ ಎಂಬ ಅರ್ಥದ ‘ಓಸ್’ ಎಂಬುದರಿಂದ ಬಂದಿತೆಂದು ಹೇಳಿದನು. ಈ ಕಾಲದ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಾರರು. ಆದರೆ ರೋಮನರು ಈ ಪದವನ್ನು ಹೇಗೆ ಬಳಸುತ್ತಿದ್ದರೆಂಬುದಕ್ಕೆ ವರ್ರೋವಿನ ಮಾತು ಒಳ್ಳೆಯ ಸಾಕ್ಷಿ. ಅವರಿಗೆ ಓಮೆನ್ ಎಂದರೆ ಮುಖ್ಯವಾಗಿ ಕಿವಿಗೆ ಬಿದ್ದ ಮಾತು. ಯಾರೋ ಯಾವುದಕ್ಕೋ ಆಡಿದ್ದು, ಕೇಳಿದವನ ಕಾರ್ಯಕ್ಕೆ ತಗುಲಿಕೊಳ್ಳುತ್ತಿತ್ತು.

ಇದಕ್ಕೆ ಪ್ರಸಿದ್ಧವಾದ ನಿದರ್ಶನವನ್ನು ಸಿಸೆರೋ ಹೇಳಿದ್ದಾನೆ. ಮಹಾಧನಿಕನಾದ ಕ್ರಾಸಸ್ ಎಂಬ ಸೇನಾಪತಿಯು ಪಾರ್ಥಿಯನರ ಮೇಲೆ ದಂಡೆತ್ತಿ ಹೊರಟು ಬ್ರುಂಡೀಸಿಯಂ ಎಂಬ ರೇವಿನಲ್ಲಿ ಸೈನ್ಯವನ್ನು ಹಡಗಿಗೆ ಹತ್ತಿಸುತ್ತಿದ್ದನು. ಅಲ್ಲಿ ಒಬ್ಬ ವ್ಯಾಪಾರಿಯು ಕೌನಸ್ ಎಂಬ ಊರಿನಿಂದ ತಂದ ಒಣ ಅಂಜೂರವನ್ನು ಮಾರುತ್ತ ‘ಕೌನೇಯಾಸ್, ಕೌನೇಯಾಸ್’ ಎಂದು ಕೂಗುತ್ತಿದ್ದನಂತೆ. ವೇಗವಾಗಿ ಉಚ್ಚರಿಸಿದರೆ ಅದೇ ಧ್ವನಿಯು ‘ಕಾವೇ ನೇ ಎಯಾಸ್’, ಎಂದರೆ ‘ಹುಷಾರು, ಹೋಗಬೇಡ’ ಎಂದು ಕೇಳಿಸುತ್ತದೆ. ಕ್ರಾಸಸ್ ಹೋದನು, ಕ್ರಿ. ಪೂ. 53ರಲ್ಲಿ ಕಾರ್ಹೆ ಎಂಬಲ್ಲಿ ಸೈನ್ಯಸಮೇತನಾಗಿ ನಾಶವಾದನು. ಅಂಜೂರದವನ ಕೂಗಿಗೆ ಕಿವಿಗೊಟ್ಟಿದ್ದರೆ ಬದುಕುತ್ತಿದ್ದನೆಂದು ಜನ ಆಡಿಕೊಂಡರು.

ನಮ್ಮ ಮನೆಗಳಲ್ಲಿ ಹೊರಗೆ ಹೊರಟವನನ್ನು ‘ಎಲ್ಲಿಗೆ?’ ಎಂದು ಕೇಳಬಾರದೆಂಬ ನಿಯಮವಿರುವುದನ್ನು ಬಲ್ಲವರಿಗೆ ಈ ಕಥೆ ಪರದೇಶದ್ದೆನಿಸದು. ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವುದೂ, ದೀಪವನ್ನು ಆರಿಸು ಎನ್ನದೆ ‘ದೊಡ್ಡದು ಮಾಡು’ ಎನ್ನುವುದೂ ಇದೇ ಭಯದಿಂದ. ಮಕ್ಕಳು ಬಾಯಿತಪ್ಪಿ ಕೆಟ್ಟ ಮಾತಾಡಿದರೆ ಹಿರಿಯರು ಕೂಡಲೇ ‘ಬಿಡ್ತು ಅನ್ನು’ ಎಂದು ಗದರಿಸುತ್ತಾರೆ. ಮೇಲೆ ಅಸ್ತುದೇವತೆಗಳು ಸಂಚರಿಸುತ್ತಿರುತ್ತಾರೆ, ಅವರು ಯಾವ ಕ್ಷಣದಲ್ಲಿ ‘ಅಸ್ತು’ ಎನ್ನುವರೋ ಹೇಳಲಾಗದು ಎಂಬುದು ಇದರ ಹಿಂದಿನ ನಂಬಿಕೆ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎನ್ನುವ ವೃದ್ಧರು ಈಗಲೂ ಇದ್ದಾರೆ.

‘ಬಿಡ್ತು ಅನ್ನು’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಒಂದು ಕ್ರಿಯಾಪದವೇ ಇತ್ತು: ‘ಅಬೋಮಿನಾರಿ’, ಎಂದರೆ ಕೆಟ್ಟ ಶಕುನವನ್ನು ತನ್ನಿಂದ ಆಚೆಗೆ ತಳ್ಳಿಬಿಡುವುದು. ಇದರಿಂದ ಇಂಗ್ಲಿಷಿನ ‘ಅಬಾಮಿನಬಲ್’ ಹುಟ್ಟಿತು. ಮಧ್ಯಯುಗದವರು ಈ ಮೂಲವನ್ನು ಮರೆತು, ‘ಹೋಮೋ’, ಎಂದರೆ ಮನುಷ್ಯ, ಎಂಬುದರಿಂದ ಬಂದ ಪದವೆಂದು ಭ್ರಮಿಸಿ, ಅಮಾನುಷವೆಂದು ಅರ್ಥಮಾಡಿಕೊಂಡು, ನಡುವೆ ಒಂದು ಹಕಾರವನ್ನು ಸೇರಿಸಿ ಬರೆದರು. ಷೇಕ್ಸ್‌ಪಿಯರನು ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಹಾಲಫರ್ನಿಸ್ ಎಂಬ ಶುಷ್ಕಪಂಡಿತನ ಬಾಯಿಂದ ಈ ಹಕಾರಕ್ಕಾಗಿ ವಾದ ಮಾಡಿಸಿ ಪರಿಹಾಸ್ಯ ಮಾಡಿದ್ದಾನೆ. ಪಂಡಿತರ ತಪ್ಪು ಪಾಮರರ ತಪ್ಪಿಗಿಂತ ದೀರ್ಘಾಯುಷಿ.

ತಳ್ಳಿಬಿಡುವ ಅಧಿಕಾರವಿದ್ದಂತೆ ಸ್ವೀಕರಿಸುವ ಅಧಿಕಾರವೂ ರೋಮನರಿಗಿತ್ತು. ಎಮಿಲಿಯಸ್ ಪೌಲಸ್ ಎಂಬ ಸೇನಾನಿಗೆ ಮ್ಯಾಸಿಡೋನಿಯದ ರಾಜನಾದ ಪೆರ್ಸೆಸ್ ಎಂಬವನ ಮೇಲೆ ಯುದ್ಧ ನಡೆಸುವ ಹೊಣೆ ಬಿದ್ದಿತು. ಅಂದು ಸಂಜೆ ಮನೆಗೆ ಬಂದಾಗ ಅವನ ಪುಟ್ಟ ಮಗಳು ಟೆರ್ಷಿಯಾ ಮಂಕಾಗಿ ನಿಂತಿದ್ದಳು. ಏನಮ್ಮ ಎಂದು ಕೇಳಿದರೆ, ‘ಅಪ್ಪ, ಪೆರ್ಸ ಸತ್ತುಹೋಯಿತು’ ಎಂದಳು. ಪೆರ್ಸ ಎಂಬುದು ಅವಳ ನಾಯಿಮರಿಯ ಹೆಸರು. ತಂದೆ ಅವಳನ್ನು ಬಿಗಿದಪ್ಪಿ, ‘ಈ ಶಕುನವನ್ನು ಸ್ವೀಕರಿಸಿದೆನಮ್ಮ’ ಎಂದನು, ಯುದ್ಧದಲ್ಲಿ ಗೆದ್ದನು. ಮಗುವಿನ ದುಃಖ ಹಾಗೆಯೇ ಉಳಿಯಿತೆಂದು ತೋರುತ್ತದೆ. ಅದನ್ನು ಚರಿತ್ರಕಾರರು ವಿಚಾರಿಸಲಿಲ್ಲ.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಓಮೆನ್ ಎಂಬುದು ಮೂಲದಲ್ಲಿ ಶುಭವೂ ಆಗಬಹುದಾಗಿತ್ತು, ಅಶುಭವೂ ಆಗಬಹುದಾಗಿತ್ತು. ಇಂಗ್ಲಿಷಿನ ಆಮಿನಸ್ ಸಹ ಮೊದಮೊದಲು ಎರಡು ಕಡೆಗೂ ನಡೆಯುತ್ತಿತ್ತು. ಕ್ರಮೇಣ ಶುಭದ ಭಾಗವು ಒಣಗಿಹೋಗಿ ಅಶುಭವೊಂದೇ ಉಳಿಯಿತು. ಪಕ್ಷಿಗಳನ್ನು ನೋಡಿ ಶಕುನ ಹೇಳುವುದೆಂಬ ಅರ್ಥದ ‘ಆಸ್ಪಿಸ್’ ಎಂಬುದರಿಂದ ಬಂದ ‘ಆಸ್ಪಿಷಸ್’ ಮಾತ್ರ ಶುಭದ ಪಾಲಿಗೆ ಬಂದಿತು. ಅಣ್ಣತಮ್ಮಂದಿರು ಆಸ್ತಿಯನ್ನು ಹಂಚಿಕೊಂಡಂತೆ ಈ ಎರಡು ಮಾತುಗಳು ಭಾಗ ಮಾಡಿಕೊಂಡುವು. ನಮ್ಮಲ್ಲಿ ‘ಅರಿಷ್ಟ’ ಎಂಬ ಶಬ್ದದ ಗತಿ ಇದಕ್ಕಿಂತ ವಿಚಿತ್ರ. ಅವಯವಾರ್ಥವನ್ನು ನೋಡಿದರೆ ‘ರಿಷ್ಟವಲ್ಲದ್ದು’, ಗಾಯವಿಲ್ಲದ್ದು, ಕ್ಷೇಮವಾದದ್ದು. ಆದರೆ ಮುಂದೆ ಅದಕ್ಕೆ ಕೇಡು, ಮರಣಸೂಚನೆ ಎಂಬ ಅರ್ಥವೇ ಬಲಿಯಿತು. ಔಷಧದ ಅಂಗಡಿಯಲ್ಲಿ ದಶಮೂಲಾರಿಷ್ಟದ ಸೀಸೆಯನ್ನು ಕೊಳ್ಳುವವರು ಈ ಪದದ ಒಳ್ಳೆಯ ಮುಖವನ್ನು ಇನ್ನೂ ಉಳಿಸಿಕೊಂಡಿದ್ದಾರೆ.

ಪಕ್ಷಿಗಳ ಮಾತು ಬಂದುದರಿಂದ ಇದನ್ನೂ ಹೇಳಬೇಕು. ‘ಆಸ್ಪಿಸ್’ ಎಂಬಲ್ಲಿ ‘ಅವಿಸ್’ ಎಂದರೆ ಹಕ್ಕಿ. ಗ್ರೀಕರ ‘ಒಯೋನೋಸ್’ ಎಂಬುದಕ್ಕೆ ಬೇಟೆಯ ಹಕ್ಕಿ ಎಂಬುದೂ ಅರ್ಥ, ಶಕುನವೆಂಬುದೂ ಅರ್ಥ. ಸಂಸ್ಕೃತದ ‘ಶಕುನ’ವೂ ಮೊದಲಿಗೆ ಹಕ್ಕಿಯ ಹೆಸರೇ. ಮೂರು ಜನಾಂಗದವರು ಮೂರು ಬೇರೆ ಶಬ್ದಗಳಲ್ಲಿ ಒಂದೇ ಆಕಾಶವನ್ನು ನೋಡಿದರು. ನಮ್ಮ ಬುಡಬುಡಿಕೆಯವನು ಹಾಲಕ್ಕಿಯ ನುಡಿಯನ್ನು ಹೊತ್ತು ಮನೆಮನೆಗೆ ಬರುವಾಗ ಆ ಪ್ರಾಚೀನ ವಿದ್ಯೆಯ ಬಡ ವಾರಸುದಾರನೊಬ್ಬನು ಬಾಗಿಲಲ್ಲಿ ನಿಂತಿದ್ದಾನೆಂದು ತಿಳಿಯಬೇಕು. ಆಕಾಶದ ನುಡಿ ಎಂದಾಗ ಇನ್ನೊಂದು ನೆನಪಾಗುತ್ತದೆ. ಮೈಸೂರಿನಲ್ಲಿ 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತೆರೆದ ಬಾನುಲಿ ನಿಲಯಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು; ಮುಂದೆ ಅದೇ ಹೆಸರು ದೇಶದ ಬಾನುಲಿಗೆಲ್ಲ ಸಂದಿತು. ಪುರಾಣದಲ್ಲಿ ಆಕಾಶವಾಣಿಯನ್ನು ಕೇಳಿದವನು ಕಂಸ. ದೇವಕಿಯ ಎಂಟನೆಯ ಗರ್ಭದಿಂದ ನಿನಗೆ ಮೃತ್ಯು ಎಂಬುದು ಅವನಿಗೆ ಬಂದ ವಾರ್ತೆ. ಅಂದಿನ ಪ್ರಸಾರಕ್ಕೆ ಆಮಿನಸ್ ಎಂಬ ವಿಶೇಷಣವು ಚೆನ್ನಾಗಿ ಒಪ್ಪುತ್ತಿತ್ತು.

ಶಕುನವನ್ನು ಎಲ್ಲರೂ ನಂಬಿದ್ದರೆಂದು ತಿಳಿಯಬಾರದು. ಕ್ರಿ. ಪೂ. 249ರಲ್ಲಿ ಕ್ಲೌಡಿಯಸ್ ಪುಲ್ಕರ್ ಎಂಬ ನೌಕಾಧಿಪತಿಯು ಡ್ರೆಪಾನ ಎಂಬಲ್ಲಿ ಕಾರ್ಥೇಜಿನವರ ಮೇಲೆ ಬೀಳುವ ಮೊದಲು, ಸಂಪ್ರದಾಯದಂತೆ ಪವಿತ್ರವಾದ ಕೋಳಿಗಳ ಮುಂದೆ ಕಾಳು ಹಾಕಿಸಿದನು. ಅವು ತಿನ್ನಲಿಲ್ಲ. ‘ತಿನ್ನದಿದ್ದರೆ ಕುಡಿಯಲಿ’ ಎಂದು ಅವುಗಳನ್ನು ಸಮುದ್ರಕ್ಕೆ ಎಸೆಯಿಸಿದನಂತೆ. ಯುದ್ಧದಲ್ಲಿ ಸೋತನು, ರೋಮಿನಲ್ಲಿ ಅವನಿಗೆ ದಂಡ ವಿಧಿಸಿದರು. ಸಿಸೆರೋ ಸ್ವತಃ ಶಕುನಾಧಿಕಾರಿಗಳ ಮಂಡಲಿಯಲ್ಲಿ ಸದಸ್ಯನಾಗಿದ್ದವನು. ಆದರೂ ಕ್ರಿ. ಪೂ. 44ರಲ್ಲಿ ಭವಿಷ್ಯಜ್ಞಾನವನ್ನು ಕುರಿತು ಬರೆದ ಗ್ರಂಥದಲ್ಲಿ ತಮ್ಮನ ಬಾಯಿಂದ ಶಕುನಗಳ ಪರವಾಗಿ ವಾದ ಹೂಡಿಸಿ, ಎರಡನೆಯ ಭಾಗದಲ್ಲಿ ತಾನೇ ಅದನ್ನೆಲ್ಲ ಖಂಡಿಸಿದ್ದಾನೆ. ಅಂಜೂರದವನ ಕಥೆಯನ್ನು ಹೇಳಿ, ಇಂಥದನ್ನು ಒಪ್ಪುವುದಾದರೆ ಕಾಲು ಎಡವಿದ್ದು, ಪಾದರಕ್ಷೆಯ ದಾರ ಕಿತ್ತದ್ದು, ಸೀನಿದ್ದು ಎಲ್ಲವನ್ನೂ ಲೆಕ್ಕ ಇಡಬೇಕಾಗುತ್ತದೆ ಎಂದು ನಗುತ್ತಾನೆ. ಎರಡು ಸಾವಿರ ವರ್ಷಗಳು ಕಳೆದ ಮೇಲೆಯೂ ಸೀನಿನ ಲೆಕ್ಕವನ್ನು ಇಡುತ್ತಲೇ ಇದ್ದೇವೆ.

ಹಾಗಾದರೆ ಮುಂದಿನ ಕೇಡನ್ನು ಸೂಚಿಸುವ ಚಿಹ್ನೆಯೇ ಇಲ್ಲವೋ? ಉಂಟು. ಈ ಪ್ರಶ್ನೆಯ ಹತ್ತಿರ ಬಂದಾಗಲೇ ಆಮಿನಸ್ ಎಂಬ ಮಾತಿನ ಈಗಿನ ಬೆಲೆ ಗೊತ್ತಾಗುವುದು.

ವೈದ್ಯನನ್ನು ನೋಡಿರಿ. ಮೂಗು ಮೊನಚಾಗಿ, ಕಣ್ಣು ಒಳಸರಿದು, ಕಣತಲೆಗಳು ಕುಸಿದಿರುವ ರೋಗಿಯ ಮುಖವನ್ನು ಗ್ರೀಕರ ಹಿಪೊಕ್ರೆಟಿಸನ ಹೆಸರಿನ ಗ್ರಂಥದಲ್ಲಿ ವರ್ಣಿಸಿ, ಇದು ಮೃತ್ಯುವಿನ ಸೂಚನೆಯೆಂದು ಹೇಳಿದೆ; ವೈದ್ಯರು ಇಂದಿಗೂ ಆ ಮುಖಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಹನ್ನೆರಡು ಅಧ್ಯಾಯಗಳು ಅರಿಷ್ಟಲಕ್ಷಣಗಳಿಗೇ ಮೀಸಲು. ಅಲ್ಲಿ ದೇಹದ ಬಣ್ಣ, ಸ್ವರ, ಉಸಿರು ಮೊದಲಾದುವುಗಳಲ್ಲಾಗುವ ವಿಕಾರಗಳನ್ನು ಸೂಕ್ಷ್ಮವಾಗಿ ಗುರುತಿಸಿದೆ. ಅದೇ ಸ್ಥಾನದಲ್ಲಿ, ವೈದ್ಯನನ್ನು ಕರೆಯಲು ಬಂದ ದೂತನ ವೇಷವೇನು, ದಾರಿಯಲ್ಲಿ ಎದುರಾದುದೇನು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಒಂದೇ ಗ್ರಂಥದಲ್ಲಿ ಎರಡು ಬಗೆಯ ಸೂಚನೆಗಳು ಪಕ್ಕಪಕ್ಕದಲ್ಲಿ ಕುಳಿತಿವೆ. ಉಸಿರಿನ ವಿಕಾರವು ರೋಗದಿಂದಲೇ ಹುಟ್ಟಿದ್ದು. ಆದುದರಿಂದ ರೋಗದ ಗತಿಯನ್ನು ಹೇಳಬಲ್ಲುದು. ದೂತನ ಬಟ್ಟೆಯ ಬಣ್ಣಕ್ಕೂ ರೋಗಿಯ ಶ್ವಾಸಕೋಶಕ್ಕೂ ಏನು ಸಂಬಂಧ? ಹಿಂದಿನವರು ಈ ಎರಡನ್ನೂ ಒಂದೇ ಹೆಸರಿನಿಂದ ಕರೆದರು. ಬೇರ್ಪಡಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಸಮುದ್ರದ ಮೇಲೆಯೂ ಹೀಗೆಯೇ ಆಯಿತು. 1859ರ ಅಕ್ಟೋಬರಿನಲ್ಲಿ ವೇಲ್ಸಿನ ಆಂಗ್ಲ್‌ಸಿ ದ್ವೀಪದ ಬಳಿ ‘ರಾಯಲ್ ಚಾರ್ಟರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು ನಾನೂರಕ್ಕಿಂತ ಹೆಚ್ಚು ಮಂದಿ ಸತ್ತರು. ಆಗ ಇಂಗ್ಲೆಂಡಿನ ವಾಯುಗುಣ ಇಲಾಖೆಗೆ ಮುಖ್ಯಸ್ಥನಾಗಿದ್ದವನು ರಾಬರ್ಟ್ ಫಿಟ್ಸ್‌ರಾಯ್. ಹಿಂದೆ ಡಾರ್ವಿನ್ನನನ್ನು ಕೂರಿಸಿಕೊಂಡು ಲೋಕಸಂಚಾರ ಮಾಡಿದ ‘ಬೀಗಲ್’ ಹಡಗಿನ ನಾಯಕ. ವಾಯುಭಾರಮಾಪಕದಲ್ಲಿ ಪಾದರಸ ಇಳಿಯುವುದನ್ನು ಊರೂರುಗಳಿಂದ ತಂತಿಯ ಮೂಲಕ ತಿಳಿದು, ಬಿರುಗಾಳಿ ಬರುವ ಮೊದಲೇ ರೇವುಗಳಿಗೆ ಎಚ್ಚರಿಕೆ ಕೊಡುವ ಏರ್ಪಾಡನ್ನು ಅವನು 1861ರಲ್ಲಿ ಪ್ರಾರಂಭಿಸಿದನು. ಇದನ್ನು ಜನರು ಭವಿಷ್ಯ ಹೇಳುವುದೆಂದು ಭಾವಿಸಬಾರದೆಂದು, ಪ್ರಾಫೆಸಿ ಎಂಬ ಹಳೆಯ ಶಬ್ದವನ್ನು ಬಿಟ್ಟು ‘ಫೋರ್‌ಕಾಸ್ಟ್’ ಎಂಬುದನ್ನು ಬೇಕೆಂದೇ ಆರಿಸಿಕೊಂಡನು. ಶಬ್ದದ ಆಯ್ಕೆಯಲ್ಲಿ ಇಷ್ಟು ವಿವೇಕ ತೋರಿದ ಅಧಿಕಾರಿಗಳು ವಿರಳ. ಕಲ್ಕತ್ತೆಯಲ್ಲಿ 1864ರ ಚಂಡಮಾರುತದಿಂದಾದ ಅಪಾರ ಪ್ರಾಣಹಾನಿಯು ಇಂಡಿಯಾದಲ್ಲಿಯೂ ಈ ಯೋಚನೆಗೆ ಕಾರಣವಾಗಿ, 1875ರಲ್ಲಿ ಇಲ್ಲಿಯ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಈಗ ಪಾದರಸ ಇಳಿದರೆ ಅದು ನಿಜವಾಗಿಯೂ ಆಮಿನಸ್. ಬೆಸ್ತರು ಅದನ್ನು ಕೇಳಿ ದೋಣಿಗಳನ್ನು ದಡಕ್ಕೆ ಎಳೆಯುತ್ತಾರೆ.

ಇದಕ್ಕೆ ವಿರುದ್ಧವಾಗಿ, ಕಾರಣ ತಿಳಿದೊಡನೆ ಕೆಲವು ವಸ್ತುಗಳ ಭಯಂಕರತೆ ಇಳಿದುಹೋಗುತ್ತದೆ. ಧೂಮಕೇತುವಿನ ಸ್ಥಿತಿ ಅದು. 1066ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಂಡ ಬಾಲಚುಕ್ಕೆಯನ್ನು ಜನರು ಬೆರಳೆತ್ತಿ ತೋರಿಸುತ್ತಿರುವ ಚಿತ್ರವು ಬಾಯೂವಿನ ಕಸೂತಿಯ ಬಟ್ಟೆಯಲ್ಲಿದೆ. ಅದೇ ವರ್ಷ ಹೆರಾಲ್ಡ್ ದೊರೆ ಸೋತು ಸತ್ತನು. ಅದೇ ಬಾಲಚುಕ್ಕೆಯ ಗತಿಯನ್ನು ಎಡ್ಮಂಡ್ ಹ್ಯಾಲಿ ಗಣಿತದಿಂದ ಕಂಡುಹಿಡಿದು, ಅದು 1758ರಲ್ಲಿ ಮತ್ತೆ ಬರುವುದೆಂದು ಹೇಳಿದನು. ಅವನು 1742ರಲ್ಲಿ ತೀರಿಕೊಂಡನು. ಚುಕ್ಕೆಯು 1758ರ ಡಿಸೆಂಬರಿನಲ್ಲಿ ಕಾಣಿಸಿಕೊಂಡಿತು. 1910ರಲ್ಲಿ ಅದು ಬಂದಾಗ ಏಳನೆಯ ಎಡ್ವರ್ಡ್ ಚಕ್ರವರ್ತಿ ತೀರಿಕೊಂಡುದನ್ನು ಹಿಡಿದು ಕೆಲವರು ಹಳೆಯ ಮಾತನ್ನೇ ಆಡಿದರು. 1986ರಲ್ಲಿ ಬಂದಾಗ ಆಡುವವರು ಬಹಳವಿರಲಿಲ್ಲ. ಗೊತ್ತಾದ ದಿನಕ್ಕೆ ಬರುವ ಅತಿಥಿಯನ್ನು ಕಂಡು ಹೆದರುವುದು ಕಷ್ಟ.

ಚುಕ್ಕೆಗೆ ಅಪವಾದ ಹೊರಿಸಿದರೆ ಚುಕ್ಕೆಗೇನೂ ನಷ್ಟವಿಲ್ಲ; ಬೆಕ್ಕಿಗೂ ಹೆಚ್ಚು ನಷ್ಟವಿಲ್ಲ. ಮನುಷ್ಯರಿಗೆ ಹೊರಿಸಿದಾಗ ವಿಷಯವೇ ಬೇರೆ. ಇಂದಿನ ಇಂಗ್ಲಿಷಿನಲ್ಲಿ ಆಮಿನಸ್ ಎಂಬುದು ಮೋಡಕ್ಕೆ, ಮೌನಕ್ಕೆ, ಅಂಕಿಗಳಿಗೆ, ಪಾದರಸಕ್ಕೆ ಸಲ್ಲುವುದೇ ಹೆಚ್ಚು. ಅವರ ಪೂರ್ವಿಕರೇನೂ ನಿರ್ದೋಷಿಗಳಲ್ಲ. ದಿಕ್ಕಿಲ್ಲದ ಮುದುಕಿಯರನ್ನು ಮಾಟಗಾತಿಯರೆಂದು ಶಿಕ್ಷಿಸುವ ಕಾನೂನು ಅಲ್ಲಿ ರದ್ದಾದುದು 1736ರಲ್ಲಿ. ಆದರೆ ನಮ್ಮ ‘ಅಪಶಕುನ’ ಎಂಬ ಮಾತು ಇನ್ನೂ ಮನುಷ್ಯರ ಮೈಮೇಲೆ ಅಂಟಿಕೊಂಡಿದೆ. ಗಂಡನನ್ನು ಕಳೆದುಕೊಂಡ ಹೆಂಗಸು ಎದುರಿಗೆ ಬಂದರೆ, ಹೊರಟವನು ಹಿಂದಿರುಗಿ, ಒಳಗೆ ಹೋಗಿ, ನೀರು ಕುಡಿದು, ತುಸು ಕುಳಿತು ಮತ್ತೆ ಹೊರಡುತ್ತಾನೆ. ಆಕೆ ಅವನನ್ನು ಹೆತ್ತವಳೇ ಆಗಿರಬಹುದು. ಬಹಳ ಕಾಲದ ಅಭ್ಯಾಸದಿಂದ ಆಕೆಗೆ ಹೇಳುವುದೂ ಬೇಕಾಗುವುದಿಲ್ಲ. ಮಗನು ಮೆಟ್ಟಿಲಿಳಿಯುವ ಸದ್ದು ಕೇಳಿ ತಾನೇ ಬಾಗಿಲ ಹಿಂದಕ್ಕೆ ಸರಿದು ನಿಲ್ಲುತ್ತಾಳೆ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮಾವನಿಗೆ ಆಗಳು, ಆಶ್ಲೇಷೆಯವಳು ಅತ್ತೆಗೆ ಆಗಳು ಎಂದು ಜಾತಕಗಳನ್ನು ಹಿಂದಕ್ಕೆ ಕಳುಹಿಸುತ್ತಾರೆ. ಮದುವೆಯಾಗಿ ಬಂದ ತಿಂಗಳಲ್ಲಿ ಮನೆಯ ಹಸು ಸತ್ತರೆ ಸೊಸೆಯ ‘ಕಾಲ್ಗುಣ’. ಎಂಬತ್ತು ವರ್ಷದ ಅಜ್ಜ ತೀರಿಕೊಂಡರೂ ಕಾಲ್ಗುಣವೇ.

ರೋಮಿನವನು ಮಾಡಿದ್ದನ್ನು ಇಲ್ಲಿ ನೆನೆಯಬಹುದು. ಶಕುನವನ್ನು ಸ್ವೀಕರಿಸುವುದೂ ತಳ್ಳಿಬಿಡುವುದೂ ಕೇಳಿದವನ ಅಧಿಕಾರದಲ್ಲಿತ್ತು. ‘ಬಿಡ್ತು’ ಎಂಬ ಒಂದು ಮಾತಿನಿಂದ ಮಕ್ಕಳ ನಾಲಿಗೆಯ ದೋಷವನ್ನು ಕಳೆಯಬಲ್ಲ ಹಿರಿಯರಿಗೆ, ಬಾಗಿಲ ಹಿಂದೆ ನಿಂತವಳ ವಿಷಯದಲ್ಲಿ ಆ ಮಾತು ಏಕೆ ಬಾಯಿಗೆ ಬರುವುದಿಲ್ಲವೋ ನನಗೆ ತಿಳಿಯದು. ಪಾದರಸಕ್ಕೂ ಬಿರುಗಾಳಿಗೂ ಇರುವ ಸಂಬಂಧವನ್ನು ತೋರಿಸಿಕೊಡಬಹುದು. ಆಕೆಯ ಮುಖಕ್ಕೂ ಮಗನ ವ್ಯಾಪಾರದ ನಷ್ಟಕ್ಕೂ ಇರುವ ಸಂಬಂಧವನ್ನು ಇದುವರೆಗೆ ಯಾರೂ ತೋರಿಸಿಕೊಟ್ಟಿಲ್ಲ.

ಆದುದರಿಂದ ಭಾಷಾಂತರ ಮಾಡುವವರಿಗೆ ನನ್ನದೊಂದು ಸೂಚನೆ. ಆಮಿನಸ್ ಎಂದು ಕಂಡಲ್ಲೆಲ್ಲ ‘ಅಪಶಕುನ’ವನ್ನು ಹಾಕಬೇಡಿ. ಕಾರಣಸಂಬಂಧವುಳ್ಳ ಸೂಚನೆಗೆ ನಮ್ಮಲ್ಲಿ ಬೇರೆ ಮಾತುಗಳಿಲ್ಲದೆ ಇಲ್ಲ. ಹಳ್ಳಿಯ ರೈತನು ಪಡುವಣ ದಿಕ್ಕನ್ನು ನೋಡಿ ‘ಲಕ್ಷಣ ನೆಟ್ಟಗಿಲ್ಲ’ ಎನ್ನುತ್ತಾನೆ. ಆಮಿನಸ್ ಕ್ಲೌಡ್ಸ್ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಬೇಕಿಲ್ಲ. ಹೊರಗೆ ಶಾಂತವಾಗಿ ಒಳಗೆ ಕುದಿಯುತ್ತಿರುವ ಊರಿನ ಸ್ಥಿತಿಗೆ ‘ಬೂದಿ ಮುಚ್ಚಿದ ಕೆಂಡ’ ಎಂಬುದುಂಟು. ವೈದ್ಯನು ಹೇಳುವಲ್ಲಿ ಅರಿಷ್ಟವೆಂಬುದು ಶಾಸ್ತ್ರೀಯವಾಗಿಯೇ ಇದೆ. ಯುದ್ಧಪೂರ್ವದ ವರ್ಣನೆಗಾದರೆ, ಭೀಷ್ಮಪರ್ವದ ಮೊದಲಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಎಣಿಸಿ ಹೇಳಿದ ಉತ್ಪಾತಗಳ ಹೆಸರನ್ನೇ ಉಪಯೋಗಿಸಬಹುದು; ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅವುಗಳನ್ನು ದಿವ್ಯ, ಆಂತರಿಕ್ಷ, ಭೌಮ ಎಂದು ಮೂರಾಗಿ ವಿಂಗಡಿಸಿರುವುದರಿಂದ ಪದಗಳಿಗೆ ಕೊರತೆಯಿಲ್ಲ. ಸಂಧಾನ ನಿಂತುಹೋದಾಗಿನ ಆ ಮೌನವೊಂದು ಮಾತ್ರ ಕಷ್ಟದ್ದು. ‘ಕೇಡನ್ನು ಬಸಿರಲ್ಲಿಟ್ಟುಕೊಂಡ ಮೌನ’ ಎಂದು ಬರೆದು ನೋಡಿದ್ದೇನೆ. ಇದಕ್ಕಿಂತ ಹಗುರವಾದುದು ಯಾರಿಗಾದರೂ ಹೊಳೆದರೆ ಅದನ್ನೇ ಬಳಸಬಹುದು.